ತಕ್ಕದ್ದು

ಸಾಂಟಾ ಫೆಯ ಶಾಸನಸಭೆ ದುಂಡಗಿದೆ.
ಮೂಲೆಯೇ ಇಲ್ಲದ ಕಟ್ಟಡ.
ಆದರೂ ಪ್ರತಿ ಫೆಬ್ರುವರಿ
ಮಸೂದೆಗಳು ಇಲ್ಲಿ ಮೂಲೆಗುಂಪಾಗುವುದನ್ನು
ಹನ್ನೊಂದು ವರ್ಷದಿಂದ ಟೈಪು ಮಾಡುತ್ತ ಬಂದಿದ್ದೇನೆ.

ಇವತ್ತಿನದು ಎರಡೇ ಪುಟ.
ಎಣ್ಣೆಯದಾಗಲಿ, ಅನಿಲದ್ದಾಗಲಿ, ಹೊಸ ಬಾವಿ
ಶಾಲೆಯ ಬೇಲಿಯಿಂದ ಎರಡು ಸಾವಿರ ಅಡಿ
ದೂರ ಇರತಕ್ಕದ್ದು.
ಉಳಿದದ್ದೆಲ್ಲ ವ್ಯಾಖ್ಯೆ:
ಶಾಲೆ ಎಂದರೇನು, ಬೇಲಿ ಎಂದರೇನು,
ಅಡಿ ಎಂದರೆ ಯಾರ ಅಡಿ.

ಬೆರಳು ಹೊಡೆಯುವುದು ಇಂಗ್ಲಿಷನ್ನೇ.
ಕಿವಿಯೊಳಗೆ ಮಾತ್ರ ಗದಗಿನ ಮುನಸೀಫ ಕೋರ್ಟು,
ಅಪ್ಪ ಕುಟ್ಟುತ್ತಿದ್ದ ಯಂತ್ರದ ಕಟಕಟ:
ಸಲ್ಲಿಸತಕ್ಕದ್ದು, ಹಾಜರಾಗತಕ್ಕದ್ದು, ತಪ್ಪಿದಲ್ಲಿ...
'ತಕ್ಕದ್ದು ಅಂದರ ಬಾಗಲಾ ಹಾಕೇತಿ,
ಬಹುದು ಅಂದರ ಚಿಲಕ ತಗದೈತಿ,
ತಿಳೀತೇನವಾ?' ಅನ್ನುತ್ತಿದ್ದ,
ಕಾರ್ಬನ್ ಮಸಿಯ ಕೈಯನ್ನು ಧೋತರಕ್ಕೆ ಒರೆಸುತ್ತ.

ಒಬ್ಬೊಬ್ಬರಿಗೆ ಎರಡೆರಡು ನಿಮಿಷ.
ಗಡಿಯಾರವೂ ನನ್ನದೇ: ಹಸಿರು, ಹಳದಿ, ಕೆಂಪು.

ಲೋಮಾ ಪ್ರಿಯೆತಾ ಶಾಲೆಯ ನರ್ಸು, ಯುಲಾಲಿಯಾ ತಫೋಯಾ,
ಮೊದಲ ಅರ್ಧ ನಿಮಿಷ ಬಾಯೇ ಬಿಡಲಿಲ್ಲ.
ಬೂಟಿನ ಡಬ್ಬಿ ತೆರೆದು
ಉಬ್ಬಸದ ಪಂಪುಗಳನ್ನು ಮೇಜಿನ ಮೇಲೆ
ಒಂದರ ಪಕ್ಕ ಒಂದು ನಿಲ್ಲಿಸುತ್ತ ಹೋದಳು.
ಬಿಳಿ ಪಟ್ಟಿಯ ಮೇಲೆ ಹೆಸರು, ತರಗತಿ.
'ಹತ್ತೊಂಬತ್ತು. ಹೋದ ವರ್ಷ ಆರಿದ್ದವು.
ಮತ್ತೆ ಈ ಗಾಳಿ...' ಎನ್ನುವಷ್ಟರಲ್ಲಿ ಹಳದಿ,
ಗಾಳಿಯ ಬಗ್ಗೆ ಮುಗಿಸುವಷ್ಟರಲ್ಲಿ ಕೆಂಪು.

ಕಂಪನಿಯ ವಕೀಲನದು ಇಸ್ತ್ರಿ ಮಾಡಿದ ದನಿ.
ಎರಡು ನಿಮಿಷದಲ್ಲಿ ಏಳು ಸಲ 'ಸಮತೋಲನ'.
ನನಗೆ ಹೇಳಿದ ಕೆಲಸವಲ್ಲ, ಆದರೂ ಎಣಿಸಿದೆ.

ಆಮೇಲೆ ಮರ್ಲ್ ಸ್ಟ್ರೌಡ್, ಬಾವಿ ಕೊರೆಯುವವನು.
ಹಾಜರಿ ಚೀಟಿಯಲ್ಲಿ ಪರ, ವಿರೋಧ,
ಎರಡೂ ಚೌಕದಲ್ಲಿ ಗೀಟು ಎಳೆದಿದ್ದ.
ಟೋಪಿಯನ್ನು ಎಲ್ಲಿಡಬೇಕೋ ತಿಳಿಯದೆ ಮಂಡಿಗೆ ಸಿಕ್ಕಿಸಿ
'ಈ ಕೋಣೆಯ ದೀಪ,' ಎಂದ, 'ಆ ಶಾಲೆಯ ಹಳದಿ ಬಸ್ಸು,
ಅಕ್ಕಾ, ನಿಮ್ಮ ಸಂಬಳದಲ್ಲೂ ಒಂದಿಷ್ಟು
ನಾನು ನೆಲದಿಂದ ಎತ್ತಿದ್ದು.
ಆ ಬಾವಿ ನಿಂತರೆ ನಾನೂ ನಿಂತೆ.'
ಮೇಜಿನ ಕಡೆ ನೋಡಿದ.
'ಎಡದಿಂದ ನಾಲ್ಕನೆಯದು ನನ್ನ ಮಗಳದ್ದು.
ಅದನ್ನೂ ಬರೆದುಕೊಳ್ಳಿ.'
ಇನ್ನೂ ಐವತ್ತು ಸೆಕೆಂಡು ಉಳಿದಿತ್ತು.
ಹಸಿರು ಸುಮ್ಮನೆ ಉರಿಯಿತು.

ಮುಂದಿನದು ಸಂತೆಯ ಸೊಪ್ಪಿನ ಚೌಕಾಶಿ.
ಎರಡು ಸಾವಿರವಿದ್ದದ್ದು ಸಾವಿರದ ಏಳುನೂರಾಯಿತು,
ಯಾರೋ ಬಾಡಿಗೆ, ರಾಜಧನದ ಲೆಕ್ಕ ತೆಗೆದರು,
ಸಾವಿರದ ನಾನೂರಕ್ಕೆ ನಿಂತಿತು.
ಹೊರಗೆ ಹಿಮ ಬೀಳುತ್ತಿತ್ತು, ಅದಕ್ಕೆ ಅವಸರವಿರಲಿಲ್ಲ.
ಆರೂ ಮುಕ್ಕಾಲಿಗೆ ಹಿಂದಿನ ಸಾಲಿನಿಂದ
ಒಂದು ಸಣ್ಣ ತಿದ್ದುಪಡಿ, ಕೆಮ್ಮಿನಷ್ಟು ಸಣ್ಣದು:
'ತಕ್ಕದ್ದು' ಇರುವಲ್ಲಿ 'ಬಹುದು'.

ಬೆರಳು ನಿಂತಿತು.
ಕೊಠಡಿಯಲ್ಲಿ ಮತವಿಲ್ಲದವಳು ನಾನು,
ಆದರೂ ನಿಂತಿತು.
ಐದಕ್ಕೆ ನಾಲ್ಕು. ಬಿದ್ದುಹೋಯಿತು.
ಪದ ಉಳಿಯಿತು, ಆರುನೂರು ಅಡಿ ಹೋಯಿತು.
ತಕ್ಕದ್ದು, ತಕ್ಕಡಿ: ಎರಡೂ
ಒಂದೇ ಮನೆಯ ಮಾತುಗಳೋ ಅಲ್ಲವೋ,
ಅಪ್ಪ ಇರುವಾಗ ಕೇಳಲಿಲ್ಲ.

ದೀಪ ಆರಿಸಿ ಹೊರಬಂದರೆ
ದುಂಡು ಪಡಸಾಲೆಯಲ್ಲಿ ಸ್ಟ್ರೌಡ್ ಒಬ್ಬನೇ,
ಹಿಮ್ಮಡಿಗೆ ತುದಿಬೆರಳು ಜೋಡಿಸಿ ನಡೆಯುತ್ತಿದ್ದಾನೆ.
'ನನ್ನ ಬೂಟು ಸರಿಯಾಗಿ ಹನ್ನೆರಡು ಇಂಚು,' ಎಂದ,
'ಸಾವಿರದ ನಾನೂರು ಎಷ್ಟು ದೂರವೋ ನೋಡೋಣ ಅಂತ.'
ಹೊರಟಲ್ಲಿಗೇ ಬಂದಿದ್ದ. ಲೆಕ್ಕ ಮುಗಿದಿರಲಿಲ್ಲ,
ಮತ್ತೆ ಸುತ್ತು ಹಿಡಿದ.

ಬೆಂಚಿನ ಮೇಲೆ ಡಬ್ಬಿ ತೊಡೆಗಿಟ್ಟುಕೊಂಡ ಯುಲಾಲಿಯಾ
ಕಾಲು ಹಿಂದಕ್ಕೆಳೆದು ಅವನಿಗೆ ದಾರಿ ಬಿಟ್ಟಳು.
ಅವಳ ತುಟಿಯೂ ಅಲುಗುತ್ತಿತ್ತು:
ಏಳುನೂರ ಹದಿನೆಂಟು,
ಏಳುನೂರ ಹತ್ತೊಂಬತ್ತು.