ರಸಮಟ್ಟ

ಎಡಗಾಲಿಯ ಕೆಳಗೆ ಇನ್ನೊಂದು ಹಲಗೆ, ಎನ್ನುತ್ತಾಳೆ ರೆನೇ.
ಟ್ರೇಲರಿನ ಮೂತಿಗೆ ಅಂಟಿಸಿದ ರಸಮಟ್ಟದೊಳಗೆ
ಗುಳ್ಳೆ ಯಾರ ಮಾತೂ ಕೇಳದೆ ಅತ್ತಿತ್ತ.
ನಾನು ಟ್ರಕ್ಕಿನಲ್ಲಿ, ಒಂದು ಗೇಣು ಮುಂದೆ, ಅರೆ ಗೇಣು ಹಿಂದೆ.
ಶುಕ್ರವಾರದ ಕತ್ತಲು. ಯೂಟಾದ ಕೆಂಪು ನೆಲ
ಹೆಡ್‌ಲೈಟಿನ ಅಳತೆಯಷ್ಟೇ ಕಾಣುತ್ತದೆ.
ಒಳಗೆ ಬೋಡೀ ಮೇಜಿನ ಮೇಲೆ ಗೋಲಿಯಿಟ್ಟು ಕೂಗುತ್ತಾನೆ:
ಇನ್ನೂ ಉರುಳ್ತಿದೆ! ಇನ್ನೂ ಉರುಳ್ತಿದೆ!

ಈ ಟ್ರೇಲರು ನನ್ನದಲ್ಲ.
ಬೇರೆಯಾಗುವಾಗ ಟೈರೆಲ್‌ಗೆ ದೋಣಿ, ಇವಳಿಗೆ ಇದು
ಎಂದು ವಕೀಲರು ಬರೆದುಕೊಟ್ಟದ್ದು.
ಕಪಾಟಿನ ಬಾಗಿಲ ಒಳಗಡೆ ಪೆನ್ಸಿಲ್ ಗೀಟು:
ಕಿಂಬರಳ ಎತ್ತರ, ಐದರಿಂದ ಒಂಬತ್ತು ವರ್ಷದ ತನಕ,
ಪಕ್ಕದಲ್ಲಿ ತಾರೀಖು, ನನಗೆ ಪರಿಚಯವಿಲ್ಲದ ಕೈಬರಹ.
ಈಗವಳಿಗೆ ಹನ್ನೆರಡು. ಆಮೇಲಿನ ಮೂರು ವರ್ಷ
ಎಲ್ಲಿ ಬೆಳೆದಳೋ, ಬಾಗಿಲಿಗೆ ಗೊತ್ತಿಲ್ಲ.
ಸಕ್ಕರೆ ತೆಗೆಯಲು ಹೋದಾಗೆಲ್ಲ
ಅದನ್ನು ಬೇಗ ಮುಚ್ಚುತ್ತೇನೆ.

ಬೆಳಗಿನ ಚಳಿಯಲ್ಲಿ
ಹಿಂಬಾಗಿಲನ್ನೇ ಇಳಿಜಾರು ಮಾಡಿ ಬೈಕುಗಳನ್ನು ಇಳಿಸಿದೆವು.
ವಾರವಿಡೀ ಗಣಿಯ ಆಫೀಸಿನಲ್ಲಿ ಲೆಕ್ಕ ಬರೆದ ಬೆನ್ನಿಗೆ ಕವಚ,
ನಲವತ್ಮೂರು ತುಂಬಿದ ಮೊಣಕಾಲಿಗೆ ಚಿಪ್ಪು.
ಬೋಡೀ ಸುತ್ತು ಬಂದು ನೋಡಿ ಹೇಳಿದ:
ನೀನು ಆಮೆ ಥರ ಇದ್ದೀಯ.

ಕಿಂಬರ್ ಮುಂದೆ. ಅವಳು ನನ್ನನ್ನು ವೆಂಡಲ್ ಎನ್ನುತ್ತಾಳೆ,
ಅದೂ ತೀರಾ ಬೇಕಾದಾಗ.
ಒಣಹಳ್ಳದ ಮರಳಿನಲ್ಲಿ ಎದ್ದು ನಿಂತೇ ಓಡಿಸುತ್ತಾಳೆ,
ಮೊಣಕಾಲು ಸಡಿಲ, ಕಣ್ಣು ದೂರ,
ಹಿಂದಿನ ಚಕ್ರ ಬಾಲದಂತೆ ಅಲ್ಲಾಡಿದರೂ ಲೆಕ್ಕಕ್ಕಿಲ್ಲ.
ನಾನು ಎದುರಿನ ಕಲ್ಲನ್ನೇ ನೋಡುತ್ತೇನೆ;
ನೋಡಿದ ಕಲ್ಲಿಗೇ ಹೋಗಿ ಬೀಳುತ್ತೇನೆ.

ಮೂರು ಸಲ.
ಮೂರನೆಯದು ಏರಿನಲ್ಲಿ. ಬೈಕು ನನ್ನ ಕಾಲ ಮೇಲೆ,
ಪೆಟ್ರೋಲು ತೊಟ್ಟಿಕ್ಕಿ ಮಣ್ಣು ಕಪ್ಪಾಗುತ್ತಿದೆ,
ಮೇಲೊಂದು ರಣಹದ್ದು, ಯಾವ ಅವಸರವೂ ಇಲ್ಲದೆ.
ಅವಳ ಎಂಜಿನ್ನಿನ ಸದ್ದು ಸಣ್ಣದಾಯಿತು. ಇಲ್ಲವಾಯಿತು.
ಆಮೇಲೆ, ದೇವರೇ,
ದೊಡ್ಡದಾಗತೊಡಗಿತು.

ಹೆಲ್ಮೆಟ್ ತೆಗೆಯಲಿಲ್ಲ ಅವಳು.
ಹ್ಯಾಂಡಲ್ ಹಿಡಿದು ಎಳೆಯಹೋದವನಿಗೆ ಗದರಿದಳು:
ತೋಳಲ್ಲಿ ಅಲ್ಲ. ಬೆನ್ನು ಕೊಟ್ಟು ಕೂತು ಕಾಲಲ್ಲಿ ಎತ್ತು.
ಎತ್ತಿದೆವು.
ಕಲ್ಲು ನೋಡ್ಬೇಡ ವೆಂಡಲ್, ಕಲ್ಲಿನ ಪಕ್ಕದ ಜಾಗ ನೋಡು.
ಯಾರು ಹೇಳಿಕೊಟ್ಟದ್ದೆಂದು ನಾನು ಕೇಳಲಿಲ್ಲ.
ಕೇಳದೆ ಉಳಿದದ್ದು ಅವಳಿಗೆ ಗೊತ್ತಾಯಿತೆಂದು ಕಾಣುತ್ತದೆ.
ಕೈಗವಸಿನಿಂದ ನನ್ನ ಗಾಗಲ್ಸಿನ ಧೂಳು ಒರೆಸಿದಳು,
ಒರೆಸಿ ಇನ್ನಷ್ಟು ಮಂಕು ಮಾಡಿದಳು.

ರಾತ್ರಿ ಬೆಂಕಿಯ ಮುಂದೆ ನಾನು ಬಿದ್ದ ಕಥೆ.
ಅವಳೇ ಬಿದ್ದು ಬಿದ್ದು ತೋರಿಸಿದಳು, ಮೂರನ್ನು ಐದು ಮಾಡಿ.
ರೆನೇ ನಕ್ಕು ನಕ್ಕು ಕೆಮ್ಮಿದಳು.
ಊದಿದ ಮೊಣಕಾಲ ಮೇಲೆ ಮಂಜುಗಟ್ಟಿದ ಬಟಾಣಿ ಪೊಟ್ಟಣ ಇಟ್ಟುಕೊಂಡು
ನಾನು ಐದನ್ನೂ ಒಪ್ಪಿಕೊಂಡೆ.

ಭಾನುವಾರ, ಊರಂಚಿನ ಪೆಟ್ರೋಲ್ ಬಂಕಿನ ಹಿಂದೆ,
ಟ್ರೇಲರಿನ ಹೊಲಸು ನೀರು ಖಾಲಿ ಮಾಡುವ ಕೆಲಸ:
ಎರಡು ದಿನದ್ದು, ನಾಲ್ವರದ್ದೂ, ಒಂದೇ ಕೊಳವೆಯಲ್ಲಿ.
ನಾನು ಬೂದು ಹಿಡಿಗೆ ಕೈ ಹಾಕಿದೆ.
ಕಪ್ಪು ಮೊದಲು, ಎಂದಳು ಕಿಂಬರ್, ಮೂಗು ಮುಚ್ಚಿಕೊಂಡು,
ಬೂದು ಆಮೇಲೆ. ಸೋಪಿನ ನೀರು ಕೊಳವೆ ತೊಳೆಯುತ್ತೆ.
ಅಪ್ಪ ಹಾಗೇ ಮಾಡ್ತಿದ್ದ.

ಆ ನಾತದಲ್ಲಿ, ನಮ್ಮಿಬ್ಬರ ನಡುವೆ,
ಆ ಮಾತು ಬಂದು ನಿಂತಿತು.
ಹೋಗೆನ್ನಲು ನಾನು ಯಾರು.
ಸರಿ, ಎಂದೆ. ಕಪ್ಪು ಹಿಡಿ ಎಳೆದೆ.
ಕೊಳವೆ ಜಿಗಿಯದಂತೆ ಅವಳು ಬೂಟಿನಿಂದ ಒತ್ತಿ ನಿಂತಳು.

ಹೆದ್ದಾರಿ. ಗೋಲಿಯನ್ನು ಟ್ರೇಲರಿನಲ್ಲೇ ಮರೆತ ಬೋಡೀ
ತಿರುವು ಬಂದಾಗೆಲ್ಲ ಹಿಂದಿನ ಸೀಟಿನಿಂದ ವರದಿ ಕೊಡುತ್ತಾನೆ,
ಕಣ್ಣು ಮುಚ್ಚಿ:
ಈಗ ಒಲೆ ಕೆಳಗೆ ಹೋಯ್ತು.
ಈಗ ಬಾಗಿಲ ಹತ್ರ ಬಂತು.