ಗೀರು

ಪಾರ್ಸಲ್ ಬಂದದ್ದು ಮಂಗಳವಾರ,
ನಾನು ಎ ಶಿಫ್ಟ್ ಮುಗಿಸಿ ಬಂದು
ಮೂಗಿನೊಳಗಿನ ಕಲ್ಲಿದ್ದಲ ಮಸಿ ತೊಳೆಯುತ್ತಿದ್ದಾಗ.
ನೀಲಿ ಡಬ್ಬಿ. ಪಾಸ್‌ಬುಕ್ಕಿಗಿಂತ ತುಸು ದಪ್ಪ.
‘ಚಾವಿ ಯಾರ ಹತ್ರ’, ಇಪ್ಪತ್ತಾರು ಕಂತು, ಎರಡು ಬ್ಲೂ-ರೇ,
ಸಾವಿರದ ಒಂಬೈನೂರು ರೂಪಾಯಿ.
‘ಮನ್ಯಾಗ ಐತಲ್ಲ ಅದ’ ಅಂದಳು ಶರಬಮ್ಮ.
ಐತಿ. ನಾಕು ಡಿವಿಡಿ. ರಾಯಚೂರಿನ ತೀನ್ ಕಂದೀಲಿನಲ್ಲಿ
ಮೊಯಿಜ್ ಅಂಗಡಿ ಮುಚ್ಚುವಾಗ ಕೆ.ಜಿ. ಲೆಕ್ಕದಲ್ಲಿ ತಂದದ್ದು.

ಅದಕ್ಕೂ ಇದಕ್ಕೂ ಫರಕು ಹೇಳಹೋದೆ:
ಆಗ ಫಿಲ್ಮಿನಲ್ಲಿ ತೆಗೆದದ್ದಂತೆ,
ಇಷ್ಟು ವರ್ಷ ಯಾವುದೋ ಡಬ್ಬಿಯೊಳಗೆ ನಿಚ್ಚಳವಾಗೇ ಇತ್ತಂತೆ,
ಮಸುಕೆಲ್ಲ ಡಿವಿಡಿಯದಂತೆ.
ಹಿಟ್ಟು ನಾದುತ್ತಲೇ ಕೇಳಿದಳು:
‘ಅಂದ್ರ ಅವರು ಚೊಲೋನ ಇದ್ರು,
ನಮಗ ಕಾಣಸ್ತಿರಲಿಲ್ಲ?’

ಸಂಜೆ ಮಗ್ಗುಲ ಕ್ವಾರ್ಟರ್ಸಿನ ಜೈತೂನಬಿ ಬಂದರು,
ತಟ್ಟೆ ತುಂಬ ಒಗ್ಗರಣಿ, ಮ್ಯಾಲೆ ನಾಕು ಮಿರ್ಚಿ.
ಹೈದರಾಬಾದಿನಲ್ಲಿ ಕೊಂಡ ಹಳೇ ಪ್ಲೇಯರು
ಎರಡು ಸಲ ಬಾಯಿ ತೆರೆದು ಮುಚ್ಚಿ
ಮೂರನೇ ಸಲ ನುಂಗಿತು.

ಅಯ್ಯೋ, ಎಷ್ಟು ಕಾಣುತ್ತದೆ!
ಮಾಲೀಕ ಶಾಮರಾಯನ ಬೋಳುತಲೆ ರಬ್ಬರಿನದು,
ಕಿವಿಯ ಹಿಂದೆ ಅಂಚು ಮಡಿಚಿಕೊಂಡಿದೆ.
ಕಿಟಕಿಯಾಚೆಯ ಆಕಾಶಕ್ಕೆ ಒಂದು ಮೊಳೆ.
ಚಹಾ ಕಪ್ಪಿನ ತಳ ಒಣ.
ಹದಿನೈದು ವರ್ಷ ಹಸಿರೆಂದುಕೊಂಡ ಸೀರೆ
ನವಿಲುಕತ್ತಿನ ಬಣ್ಣದ್ದು.
ಚಿತ್ರವೂ ಅಗಲವಾಗಿದೆ. ಎಡದ ಅಂಚಿನಲ್ಲಿ,
ಮುಂಚೆ ಕತ್ತರಿಸಿಹೋಗುತ್ತಿದ್ದ ಜಾಗದಲ್ಲಿ,
ಬನಿಯನ್ನಿನ ಹುಡುಗನೊಬ್ಬ, ಕೈಯಲ್ಲಿ ಕೆಟಲಿ,
ಬಾಯಿಗೆ ಅಂಗೈ ಒತ್ತಿ ನಗುತ್ತಿದ್ದಾನೆ.
ಅವನು ಅಲ್ಲಿರಬಾರದು.
ಅವನಿಗಾಗಿ ಮಗಳು ಮೂರು ಸಲ ಹಿಂದಕ್ಕೋಡಿಸಿದಳು.

ಆಮೇಲೆ ಹನ್ನೊಂದನೆಯ ಕಂತು.

ಇಲ್ಲಿ ಹೇಳಬೇಕು: ಇದೇ ಮಗಳು ಮೂರು ವರ್ಷದವಳಿದ್ದಾಗ
ಎರಡನೇ ಡಿವಿಡಿಯನ್ನು ಶಹಾಬಾದಿ ಫರಸಿಯ ಮೇಲೆ
ಗಾಲಿ ಮಾಡಿ ಉರುಳಿಸಿದ್ದಳು. ಅಂದಿನಿಂದ ಶಾಮರಾಯ
‘ಚಾವಿ ಎಲ್ಲಿದೆ ಗೊತ್ತಾ, ಚಾವಿ ಎ ಎ ಎ’ ಎನ್ನುತ್ತ
ಚೂರುಚೂರಾಗಿ ಒಡೆದು,
ಮತ್ತೆ ಕಾಣಿಸಿದಾಗ ಎಲ್ಲರೂ ಒದ್ದೆ,
ಅವನ ಒಂದು ಕಾಲಲ್ಲಿ ಮಾತ್ರ ಚಪ್ಪಲಿ.
ನಡುವಿನ ಒಂದೂವರೆ ನಿಮಿಷ
ಲೋಕಕ್ಕೆ ಗೊತ್ತಿರಬಹುದು, ನಮ್ಮ ಸಾಲಿಗೆ ಗೊತ್ತಿಲ್ಲ.
ಅದನ್ನು ತುಂಬಿದವರು ಜೈತೂನಬಿ.
‘ಚಾವಿ ಕೊಡದಾಗ, ಕೊಡ ಬಾವ್ಯಾಗ,
ಬಾವಿ ನಿಮ್ಮಪ್ಪನ ಹೆಸರಿಗಿ!’
ಒಮ್ಮೆ ಹೀಗೆ. ಇನ್ನೊಮ್ಮೆ ಚಾವಿ ನುಂಗಿದ ಎಮ್ಮೆ.
ಅವರ ಗಂಡನಿಗೆ ಬಾಯ್ಲರ್ ವಿಭಾಗದಲ್ಲಿ ಬಡ್ತಿಯಾದ ದಿನ
ಎಂಥದೋ ಒಂದು; ನಕ್ಕು ನಕ್ಕು ಶರಬಮ್ಮ
ಎದ್ದು ಹೊರಗೆ ಹೋಗಿದ್ದಳು.

ಈಗ ಗೀರಿಲ್ಲ.
ಶಾಮರಾಯ ಕೇಳಿದ. ಉಸಿರು ಹಿಡಿದು ಕುಂತೆವು.
ಮೇಲ್ಮನೆಯಾಕೆ ಮೆಟ್ಟಿಲಿಳಿದಳು,
ಸೊಂಟ ಮುಟ್ಟಿ ನೋಡಿದಳು, ಸೆರಗು ಝಾಡಿಸಿದಳು,
‘ಗೊತ್ತಿಲ್ಲಪ್ಪ’ ಎಂದಳು.
ನಲ್ಲಿ ತಾನಾಗಿ ಒಡೆಯಿತು, ಚಪ್ಪಲಿಯೊಂದು ತೇಲಿ ಹೋಯಿತು.
ಅಷ್ಟೇ.
ಡಬ್ಬಿಯ ನಗು ನಕ್ಕಿತು,
ಒಂದೊಂದು ಹಲ್ಲೂ ಕೇಳುವಷ್ಟು ಸ್ಪಷ್ಟ.
ನಮ್ಮ ಮನೆಯಲ್ಲಿ ಫ್ಯಾನಿನ ಸದ್ದು.

ಜೈತೂನಬಿ ಮಿರ್ಚಿಯ ತುದಿಯನ್ನು ತಟ್ಟೆಗಿಟ್ಟರು.
‘ಇಷ್ಟ ಏನು?’ ಎಂದರು,
ಯಾರದೋ ಲಗ್ನದಲ್ಲಿ ಪಂಕ್ತಿ ತಪ್ಪಿದವರ ಹಾಗೆ.
ಆಮೇಲೆ ಮೆಲ್ಲಗೆ:
‘ಇಷ್ಟು ವರ್ಷ ನಾ ಸುಳ್ಳು ಹೇಳ್ದಂಗಾತು, ನೋಡ್ರಿ.’

ಮಗಳು ಮಾತಾಡಲಿಲ್ಲ. ಹಿಂದಕ್ಕೋಡಿಸಿ
ಸದ್ದು ಪೂರ್ತಿ ಅಡಗಿಸಿದಳು.
ಶಾಮರಾಯ ಬಾಯಿ ತೆರೆದ,
ಹಲ್ಲಿನ ಎಲೆಯಡಿಕೆ ಕಲೆ ಸಮೇತ ಥಳಥಳ.
‘ಹೂಂ, ಚಾಚಿ’ ಎಂದಳು.

ಬುಧವಾರ ಡಿವಿಡಿಗಳನ್ನು ದಾರಕ್ಕೆ ಪೋಣಿಸಿ
ಮಾಳಿಗೆಯ ಮೇಲೆ ಕಟ್ಟಿದೆ, ಸಂಡಿಗೆಗೆ ಬರುವ ಕಾಗೆಗೆ.
ಕೃಷ್ಣಾ ಕಡೆಯ ಗಾಳಿಗೆ ತಿರುಗುತ್ತ
ನೀರಿನ ಟಾಕಿಗೆ, ಒಣಹಾಕಿದ ಯೂನಿಫಾರ್ಮಿಗೆ
ಬೆಳಕು ಎಸೆಯುತ್ತಿದ್ದವು.
ಶರಬಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ಎಣಿಸಿದಳು. ಮೂರು.
‘ಇನ್ನೊಂದು ಎಲ್ಲೈತಿ?’

‘ಕೊಡದಾಗ’ ಅಂದೆ.