ಚಿಮಟದ ತುದಿ

ಗಂಗಾವತಿಯ ರೈಸ್‌ಮಿಲ್ಲಿನಲ್ಲಿ ಇಲಿಗೇನು ಬರ?
ಹೊನ್ನೂರ ನಗುತ್ತಾನೆ:
"ಚೀಲ ಎತ್ತಿದ್ರ ಆರು, ಪುಕ್ಕಟೆ.
ನೀ ರೊಕ್ಕ ಕೊಟ್ಟು ಸತ್ತದ್ದನ್ನ ತರಿಸ್ತೀಯಲ್ಲೋ,
ಅದೂ ಬರ್ಫದಾಗ!"

ಮಿಲ್ಲಿನ ಇಲಿ ವಿಷದ ಗುಳಿಗೆ ತಿಂದಿರತೈತಿ ಅಂದೆ.
ಸುಳ್ಳಲ್ಲ, ಆದರೂ ನೆಪ.

ಹೇಳದೆ ಉಳಿದದ್ದು:
ಮೊದಲ ಸಲ ಜೀವಂತದ್ದನ್ನೇ ಬಿಟ್ಟಿದ್ದೆ.
ಕಣ್ಣು ತೆರೆಯದ ಮರಿ, ಕಿರುಬೆರಳ ಗೆಣ್ಣಿನಷ್ಟು,
ತೆವಳಿ ತೆವಳಿ
ಪೆನ್ಸಿಲ್ ದಪ್ಪದ ಆ ಪರದೇಶಿ ಹಾವಿನ
ಸುರುಳಿಯೊಳಗೇ ಹೋಗಿ
ತಾಯ ಬಿಸಿ ಹುಡುಕಿತು.
ಬೆಳಗ್ಗೆ ಡಬ್ಬಿಯಲ್ಲಿ ಒಂದೇ ಜೀವ,
ನಡುವಿಗೊಂದು ಗಂಟು.

ಈಗ ಫ್ರೀಜರಿನಲ್ಲಿ,
ಹುಲಿಗೆವ್ವನ ಕಣ್ಣಿಗೆ ಬೀಳದಂತೆ
ಬಟಾಣಿ ಪಾಕೀಟಿನ ಹಿಂದೆ
ಹತ್ತು ಗುಲಾಬಿ ಮರಿ.
ಕರಗಲು ಬಿಸಿನೀರು ಬೇಕಿಲ್ಲ,
ಏಪ್ರಿಲ್ಲಿನ ಕಿಟಕಿಕಟ್ಟೆ ಸಾಕು.

ಚಿಮಟದಲ್ಲಿ ಹಿಡಿದು ಅಲುಗಿಸುತ್ತೇನೆ.
ಸತ್ತದ್ದು ಒಂದಿಷ್ಟು ಬದುಕಿದಂತೆ ಕಾಣಬೇಕು,
ಇಲ್ಲವಾದರೆ ನಾಲಿಗೆ ಚಾಚಿ,
ಲೆಕ್ಕ ಹಾಕಿ, ಮುಖ ತಿರುಗಿಸುತ್ತದೆ.

ಮೂರು ರಾತ್ರಿ ತಿರುಗಿಸಿತು.
ನನ್ನ ಕುಣಿಸುವಿಕೆ ಅದಕ್ಕೆ ನಾಟಕ.

ನಾಲ್ಕನೆಯ ರಾತ್ರಿ ಕರೆಂಟು ಹೋಯಿತು.
ಅಲುಗಿಸುವುದನ್ನೂ ಬಿಟ್ಟು ಸುಮ್ಮನೆ ಹಿಡಿದಿದ್ದೆ.
ಕತ್ತಲಲ್ಲಿ ಕೈ ತಾನಾಗಿ ನಡುಗುತ್ತಿತ್ತು.

ಅಷ್ಟು ಸಾಕಾಯಿತು ಅದಕ್ಕೆ.